ದುಡಿಯುವ ಮಗುವನ್ನು ಶಾಲೆಗೆ ತಂದು ಅಲ್ಲಿಯೇ ಉಳಿಸಿಕೊಳ್ಳುವ ಬಗೆ

ಬಾಲಕಾರ್ಮಿಕ ಪದ್ಧತಿಯ ವಿರುದ್ಧ ಏನಾದರೂ ಮಾಡಬೇಕೆಂದು ಸೇರುವ ಸ್ಥಳೀಯ ಗುಂಪುಗಳ ಗಮನವೆಲ್ಲ ಸಾಮಾನ್ಯವಾಗಿ ಮಗುವನ್ನು ಕೆಲಸದಿಂದ ಬಿಡಿಸುವ ದಿನದ ಮೇಲೆಯೇ ಇರುತ್ತದೆ. ಅಧಿಕಾರಿಗಳ ತಪಾಸಣೆ, ಮಾಲೀಕನಿಂದ ಬರೆಸಿಕೊಳ್ಳುವ ಮುಚ್ಚಳಿಕೆ, ಮರುದಿನ ಪತ್ರಿಕೆಯಲ್ಲಿ ಬರುವ ಸುದ್ದಿ, ಇವೆಲ್ಲ ಕಣ್ಣಿಗೆ ಕಾಣುವ ಸಂಗತಿಗಳಾದ್ದರಿಂದ ಹಾಗಾಗುವುದು ಸಹಜ. ಆದರೆ ಆ ದಿನವು ಇಡೀ ಕೆಲಸದ ಅತ್ಯಂತ ಚಿಕ್ಕ ಭಾಗ. ಮಗು ಮರುದಿನ ಬೆಳಿಗ್ಗೆ ಹೋಗಿ ಕುಳಿತುಕೊಳ್ಳಬೇಕಾದ ತರಗತಿ ಮತ್ತು ಅದರ ಗಳಿಕೆಯಿಲ್ಲದೆ ಮನೆಯವರು ತಿಂಗಳು ಕಳೆಯುವ ದಾರಿ ಮೊದಲೇ ಸಿದ್ಧವಾಗಿರದಿದ್ದರೆ, ಬಿಡಿಸಿದ ಮಗು ಕೆಲವೇ ವಾರಗಳಲ್ಲಿ ಅದೇ ಕೆಲಸಕ್ಕೋ, ಅದಕ್ಕಿಂತ ಮರೆಯಲ್ಲಿರುವ ಇನ್ನೊಂದು ಕೆಲಸಕ್ಕೋ ಸೇರಿಕೊಳ್ಳುತ್ತದೆ.

ಇದಕ್ಕೆ ಎಲ್ಲರಿಗೂ ಪಾಠವಾಗಬೇಕಾದ ಉದಾಹರಣೆಯೊಂದು ಬಾಂಗ್ಲಾದೇಶದಲ್ಲಿದೆ. 1990ರ ದಶಕದ ಆರಂಭದಲ್ಲಿ, ಮಕ್ಕಳು ತಯಾರಿಸಿದ ಸರಕಿನ ಆಮದನ್ನು ನಿಷೇಧಿಸುವ ಮಸೂದೆಯೊಂದು ಅಮೆರಿಕದ ಸಂಸತ್ತಿನಲ್ಲಿ ಮಂಡನೆಯಾದಾಗ, ಬಾಂಗ್ಲಾದೇಶದ ಸಿದ್ಧ ಉಡುಪು ಕಾರ್ಖಾನೆಗಳು ಹೆದರಿ ಸಾವಿರಾರು ಮಕ್ಕಳನ್ನು ಏಕಾಏಕಿ ಹೊರಗೆ ಕಳಿಸಿದವು. ಅವರಲ್ಲಿ ಅನೇಕರು ಶಾಲೆಗೆ ಹೋಗಲಿಲ್ಲ. ಕಲ್ಲು ಒಡೆಯುವಂಥ, ಬೀದಿಯಲ್ಲಿ ಮಾರುವಂಥ, ಮೊದಲಿಗಿಂತ ಕಡಿಮೆ ಕೂಲಿಯ ಮತ್ತು ಹೆಚ್ಚು ಅಪಾಯದ ಕೆಲಸಗಳಿಗೆ ಹೋದರೆಂಬುದು ಅನಂತರ ಬೆಳಕಿಗೆ ಬಂತು. 1995ರಲ್ಲಿ ಉಡುಪು ತಯಾರಕರ ಸಂಘ, ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಹಾಗೂ ಯುನಿಸೆಫ್ ಸೇರಿ ಮಾಡಿಕೊಂಡ ಒಪ್ಪಂದವು ಈ ಕ್ರಮವನ್ನು ತಿರುವುಮುರುವು ಮಾಡಿತು: ಶಾಲೆಯಲ್ಲಿ ಜಾಗ ಸಿದ್ಧವಾಗುವವರೆಗೆ ಈಗಾಗಲೇ ಕೆಲಸದಲ್ಲಿರುವ ಮಗುವನ್ನು ಹೊರಹಾಕುವಂತಿಲ್ಲ, ಹೊಸದಾಗಿ ಯಾವ ಮಗುವನ್ನೂ ಸೇರಿಸಿಕೊಳ್ಳುವಂತಿಲ್ಲ, ಶಾಲೆಗೆ ಹೋಗುವ ಮಗುವಿನ ಕುಟುಂಬಕ್ಕೆ ಮಾಸಿಕ ನೆರವು ಸಿಗಬೇಕು. ಈ ಕೈಪಿಡಿಯು ಹೇಳುವುದೂ ಅದೇ ಕ್ರಮವನ್ನು. ಜೀತ, ಮಕ್ಕಳ ಕಳ್ಳಸಾಗಣೆ ಮತ್ತು ಜೀವಕ್ಕೆ ಕುತ್ತಾದ ಕೆಲಸಗಳು ಮಾತ್ರ ಇದಕ್ಕೆ ಹೊರತು. ಅವುಗಳ ವಿಷಯ ಮುಂದೆ ಬರುತ್ತದೆ.

ಮೊದಲು: ಯಾರನ್ನು ಬಾಲಕಾರ್ಮಿಕರೆಂದು ಎಣಿಸಬೇಕು

ಗುಂಪಿನ ಮೊದಲ ಸಭೆಯಲ್ಲೇ ಈ ಪ್ರಶ್ನೆಯನ್ನು ಇತ್ಯರ್ಥ ಮಾಡಿಕೊಳ್ಳದಿದ್ದರೆ ಮುಂದಿನ ಪ್ರತಿ ಸಭೆಯಲ್ಲೂ ಅದೇ ಜಗಳ ಎದ್ದೇಳುತ್ತದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1973ರ 138ನೇ ಒಡಂಬಡಿಕೆಯು ದುಡಿಮೆಗೆ ಸೇರಲು ಕನಿಷ್ಠ ವಯಸ್ಸನ್ನು 15 ಎಂದು ಹೇಳುತ್ತದೆ, ಕಡ್ಡಾಯ ಶಿಕ್ಷಣ ಮುಗಿಯುವ ವಯಸ್ಸಿಗಿಂತ ಅದು ಕಡಿಮೆ ಇರಬಾರದೆಂದೂ ಹೇಳುತ್ತದೆ. ಅಭಿವೃದ್ಧಿಶೀಲ ದೇಶಗಳು ಆರಂಭದಲ್ಲಿ 14 ಎಂದು ಇಟ್ಟುಕೊಳ್ಳಲು ಅವಕಾಶವಿದೆ. ಅಪಾಯಕಾರಿ ಕೆಲಸಕ್ಕೆ ಮಿತಿ 18. ಕೆಟ್ಟ ಸ್ವರೂಪದ ದುಡಿಮೆಗಳನ್ನು ಕುರಿತ 1999ರ 182ನೇ ಒಡಂಬಡಿಕೆಯನ್ನು 2020ರ ವೇಳೆಗೆ ಸಂಘಟನೆಯ ಎಲ್ಲ ಸದಸ್ಯ ರಾಷ್ಟ್ರಗಳೂ ಅನುಮೋದಿಸಿವೆ. ಆದ್ದರಿಂದ ಜೀತ, ಸಾಗಣೆ, ಲೈಂಗಿಕ ಶೋಷಣೆ, ಮಾದಕ ವಸ್ತುಗಳ ಸಾಗಾಟದಂಥ ಅಪರಾಧಗಳಲ್ಲಿ ಮಕ್ಕಳ ಬಳಕೆ ಮತ್ತು ಅಪಾಯಕಾರಿ ಕೆಲಸ, ಇವುಗಳ ಬಗ್ಗೆ ಯಾವ ದೇಶದಲ್ಲೂ ಎರಡು ಮಾತಿಗೆ ಅವಕಾಶವಿಲ್ಲ. ನಿಮ್ಮ ದೇಶದ ಕಾನೂನಿನಲ್ಲಿರುವ ವಯೋಮಿತಿ ಮತ್ತು ಅಪಾಯಕಾರಿ ಉದ್ಯೋಗಗಳ ಪಟ್ಟಿಯ ಒಂದು ಪ್ರತಿ ಗುಂಪಿನ ಎಲ್ಲರ ಕೈಯಲ್ಲೂ ಇರಲಿ.

ಕಾನೂನು ತಿಳಿದ ಮಾತ್ರಕ್ಕೆ ಕಣ್ಣಿಗೆ ಎಲ್ಲವೂ ಬೀಳುವುದಿಲ್ಲ. ಬಾಲಕಾರ್ಮಿಕರೆಂದರೆ ಕಾರ್ಖಾನೆಯ, ಗ್ಯಾರೇಜಿನ, ಹೋಟೆಲಿನ ಹುಡುಗರೆಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ಕಾರ್ಮಿಕ ಸಂಘಟನೆ ಮತ್ತು ಯುನಿಸೆಫ್ 2025ರಲ್ಲಿ ಪ್ರಕಟಿಸಿದ ಅಂದಾಜಿನಂತೆ 2024ರಲ್ಲಿ ಜಗತ್ತಿನಾದ್ಯಂತ ಸುಮಾರು 13.8 ಕೋಟಿ ಮಕ್ಕಳು ದುಡಿಮೆಯಲ್ಲಿದ್ದರು, ಅವರಲ್ಲಿ ಸುಮಾರು 5.4 ಕೋಟಿ ಮಕ್ಕಳ ಕೆಲಸ ಅಪಾಯಕಾರಿಯಾದದ್ದು, ದುಡಿಯುತ್ತಿದ್ದ ಒಟ್ಟು ಮಕ್ಕಳಲ್ಲಿ ಶೇ. 61ರಷ್ಟು ಮಂದಿ ಇದ್ದದ್ದು ಕೃಷಿಯಲ್ಲಿ. ಅದಕ್ಕೂ ಮೊದಲಿನ 2020ರ ಅಂದಾಜು ಇನ್ನೊಂದು ಅಂಶವನ್ನು ತೋರಿಸಿತ್ತು: ದುಡಿಯುವ ಮಕ್ಕಳಲ್ಲಿ ಶೇ. 70ಕ್ಕೂ ಹೆಚ್ಚು ಮಂದಿ ದುಡಿಯುವುದು ತಮ್ಮದೇ ಕುಟುಂಬದ ಹೊಲ ಅಥವಾ ಕಸುಬಿನಲ್ಲಿ. ಅಂದರೆ ನಾವು ಹುಡುಕುತ್ತಿರುವ ಮಾಲೀಕ ಬಹುಪಾಲು ಸಂದರ್ಭಗಳಲ್ಲಿ ಮಗುವಿನ ತಂದೆಯೇ ಆಗಿರುತ್ತಾನೆ, ಮತ್ತು ಕೇವಲ ತಪಾಸಣೆಯಿಂದ ಈ ಸಮಸ್ಯೆ ಏಕೆ ಮುಗಿಯುವುದಿಲ್ಲ ಎಂಬುದಕ್ಕೆ ಅರ್ಧ ಉತ್ತರ ಇಲ್ಲಿಯೇ ಇದೆ.

ಶಾಲೆಯಿಂದ ಬಂದ ಮೇಲೆ ಮಗು ಅಂಗಳ ಗುಡಿಸುವುದಾಗಲಿ, ಕೊಟ್ಟಿಗೆಯಲ್ಲಿ ಕೈಜೋಡಿಸುವುದಾಗಲಿ ಬಾಲದುಡಿಮೆಯಲ್ಲ. ಆ ಕೆಲಸವು ಶಾಲೆಯ ಸಮಯವನ್ನು, ಓದಿನ ಸಮಯವನ್ನು, ನಿದ್ದೆ ಮತ್ತು ಆಟವನ್ನು ನುಂಗುತ್ತಿದೆಯೇ, ದೇಹಕ್ಕೆ ಕೇಡು ತರುತ್ತಿದೆಯೇ ಎಂದು ಕೇಳಿ. ಗೆರೆ ಎಲ್ಲಿ ಬೀಳುತ್ತದೆಂಬುದು ಸಾಮಾನ್ಯವಾಗಿ ತಾನಾಗಿಯೇ ಸ್ಪಷ್ಟವಾಗುತ್ತದೆ. ಇದೇ ಪ್ರಶ್ನೆಯನ್ನು ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನಷ್ಟು ಕಟ್ಟುನಿಟ್ಟಾಗಿ ಕೇಳಬೇಕು. ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತ, ಅಡುಗೆ ಮಾಡುತ್ತ, ದೂರದಿಂದ ನೀರು ಹೊರುತ್ತ ಮನೆಯಲ್ಲಿಯೇ ಉಳಿಯುವ ಹುಡುಗಿಯನ್ನು ಹೆಚ್ಚಿನ ಸಮೀಕ್ಷೆಗಳು ಕಾರ್ಮಿಕಳೆಂದು ಬರೆದುಕೊಳ್ಳುವುದಿಲ್ಲ. ವಾರಕ್ಕೆ 21 ಗಂಟೆ ಅಥವಾ ಅದಕ್ಕಿಂತ ಹೆಚ್ಚಿನ ಮನೆಗೆಲಸವನ್ನೂ ಲೆಕ್ಕಕ್ಕೆ ಸೇರಿಸಿದರೆ ದುಡಿಯುವ ಹುಡುಗ ಹುಡುಗಿಯರ ಸಂಖ್ಯೆಯ ನಡುವಿನ ಅಂತರ ಸುಮಾರು ಅರ್ಧಕ್ಕೆ ಇಳಿಯುತ್ತದೆಂದು 2020ರ ಅದೇ ಜಾಗತಿಕ ಅಂದಾಜು ಹೇಳಿತ್ತು.

1990ರ ದಶಕದಲ್ಲಿ ಆಂಧ್ರಪ್ರದೇಶದ ರಂಗಾರೆಡ್ಡಿ ಜಿಲ್ಲೆಯ ಹಳ್ಳಿಗಳಲ್ಲಿ, ಈಗ ಅದು ತೆಲಂಗಾಣ, ಶಾಂತಾ ಸಿನ್ಹಾ ಅವರ ನೇತೃತ್ವದ ಎಂ. ವಿ. ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆ ಈ ಗೊಂದಲವನ್ನು ಒಂದೇ ಏಟಿಗೆ ಬಗೆಹರಿಸಿತು: ಶಾಲೆಯಿಂದ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕ. ಕಾನೂನಿನ ದೃಷ್ಟಿಯಿಂದ ಈ ವ್ಯಾಖ್ಯಾನ ಸಡಿಲವಾದದ್ದೆಂದು ಆಕ್ಷೇಪಿಸಬಹುದು. ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೆ ಮಾತ್ರ ಇದಕ್ಕಿಂತ ಉಪಯುಕ್ತವಾದದ್ದು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಯಾರ ಕೆಲಸ ಎಷ್ಟು ಅಪಾಯಕಾರಿ ಎಂದು ತೂಗುತ್ತ ಕೂರುವ ಬದಲು ಯಾರು ತರಗತಿಯಲ್ಲಿಲ್ಲ ಎಂದು ನೋಡಿದರೆ ಸಾಕಾಗುತ್ತದೆ.

ಪಟ್ಟಿ ಮಾಡುವುದು

ಕೆಲಸದ ಸ್ಥಳಗಳಿಗೆ ಹೋಗಿ ಮಕ್ಕಳನ್ನು ಎಣಿಸಬೇಡಿ, ಮನೆಗಳಿಂದ ಆರಂಭಿಸಿ. ಕೆಲಸದ ಸ್ಥಳಕ್ಕೆ ಅಪರಿಚಿತರು ಬಂದರೆಂದರೆ ಮಕ್ಕಳನ್ನು ಅಡಗಿಸುವುದು ಮಾಲೀಕರಿಗೆ ಕಷ್ಟವೇನಲ್ಲ, ಮನೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂಬುದನ್ನು ಮಾತ್ರ ಅಕ್ಕಪಕ್ಕದವರಿಂದ ಮುಚ್ಚಿಡಲಾಗದು. ಒಬ್ಬೊಬ್ಬ ಸ್ವಯಂಸೇವಕರಿಗೆ ಅವರಿಗೆ ಪರಿಚಯವಿರುವ ಮೂವತ್ತು ನಲವತ್ತು ಮನೆಗಳನ್ನು ಹಂಚಿಕೊಡಿ. ಪ್ರತಿ ಮನೆಯ 5ರಿಂದ 17 ವರ್ಷದವರೆಗಿನ ಎಲ್ಲ ಮಕ್ಕಳ ಹೆಸರು, ವಯಸ್ಸು, ಶಾಲೆ, ತರಗತಿ ಬರೆದುಕೊಂಡು, ಆ ಪಟ್ಟಿಯನ್ನು ಶಾಲೆಯ ದಾಖಲಾತಿ ಪುಸ್ತಕದ ಜೊತೆಗೆ ಮಾತ್ರವಲ್ಲದೆ ಹಿಂದಿನ ಮೂರು ತಿಂಗಳ ಹಾಜರಾತಿ ಪುಸ್ತಕದ ಜೊತೆಗೂ ಹೋಲಿಸಬೇಕು. ದಾಖಲಾತಿಯಲ್ಲಿ ಹೆಸರಿದ್ದು ಹಾಜರಾತಿಯಲ್ಲಿ ಇಲ್ಲದ ಮಕ್ಕಳೇ ನಿಮ್ಮ ಪಟ್ಟಿಯ ದೊಡ್ಡ ಭಾಗವಾಗುವ ಸಾಧ್ಯತೆಯಿದೆ, ಮತ್ತು ಸರ್ಕಾರಿ ಲೆಕ್ಕದಲ್ಲಿ ಇವರೆಲ್ಲರೂ ವಿದ್ಯಾರ್ಥಿಗಳೇ.

ಮನೆಯವರನ್ನು ‘ನಿಮ್ಮ ಮಗು ದುಡಿಯುತ್ತದೆಯೇ’ ಎಂದು ನೇರವಾಗಿ ಕೇಳಿದರೆ ಸಿಗುವ ಉತ್ತರ ಒಂದೇ. ನಿನ್ನೆ ಮಗು ಎಷ್ಟು ಗಂಟೆಗೆ ಎದ್ದಿತು, ಮಧ್ಯಾಹ್ನ ಎಲ್ಲಿತ್ತು, ಕತ್ತಲಾದ ಮೇಲೆ ಏನು ಮಾಡಿತು ಎಂದು ಒಂದು ದಿನದ ದಿನಚರಿಯನ್ನು ಕೇಳಿ; ಸಾಧ್ಯವಾದರೆ ಮಗುವನ್ನೂ ಬೇರೆಯಾಗಿ, ಆದರೆ ಎಲ್ಲರ ಕಣ್ಣಿಗೆ ಕಾಣುವಂಥ ಜಾಗದಲ್ಲಿ ಮಾತಾಡಿಸಿ. ಐವರಿ ಕೋಸ್ಟ್ ಮತ್ತು ಘಾನಾದ ಕೋಕೋ ಬೆಳೆಯುವ ಪ್ರದೇಶಗಳಲ್ಲಿ ಅದೇ ಊರಿನಿಂದ ಆಯ್ಕೆಯಾದ ಕಾರ್ಯಕರ್ತರು ಮತ್ತೆ ಮತ್ತೆ ಮನೆಭೇಟಿ ಮಾಡಿ ಹೀಗೆ ಮಾಹಿತಿ ಸಂಗ್ರಹಿಸುವ ವ್ಯವಸ್ಥೆಯಿದೆ. ಮೊದಲ ಭೇಟಿಯಲ್ಲಿ ಸಿಕ್ಕದ ಸತ್ಯ ಎರಡನೆಯದರಲ್ಲೋ ಮೂರನೆಯದರಲ್ಲೋ ಸಿಗುತ್ತದೆ. ಹಾಗಾಗಿ ಒಂದೇ ಸಲದ ಸಮೀಕ್ಷೆಯನ್ನು ನಂಬಬೇಡಿ. ಬಿತ್ತನೆ, ಕೊಯ್ಲು, ಹಬ್ಬದ ವ್ಯಾಪಾರದ ಕಾಲಗಳಲ್ಲಿ ಪಟ್ಟಿ ಬದಲಾಗುತ್ತದೆ ಎಂಬುದನ್ನೂ ನೆನಪಿಡಬೇಕು. ಗುಳೆ ಬಂದ ಕುಟುಂಬಗಳು ಊರಿನ ಯಾವ ಪುಸ್ತಕದಲ್ಲೂ ಇರುವುದಿಲ್ಲವಾದ್ದರಿಂದ ಅವರ ಬಿಡಾರಗಳನ್ನು ಒಬ್ಬರಿಗೆ ಪ್ರತ್ಯೇಕವಾಗಿ ವಹಿಸಬೇಕು.

ಈ ಪಟ್ಟಿ ಯಾರ ಕೈಗೂ ಸುಲಭವಾಗಿ ಸಿಗಬಾರದು. ಮಕ್ಕಳ ಹೆಸರು ಮತ್ತು ಭಾವಚಿತ್ರಗಳನ್ನು ಗುಂಪಿನ ವಾಟ್ಸಾಪ್‌ನಲ್ಲಿ ಹಂಚುವ ಅಭ್ಯಾಸ ಈಗ ಎಲ್ಲೆಡೆ ಬಂದುಬಿಟ್ಟಿದೆ; ಅದನ್ನು ಮೊದಲ ದಿನವೇ ನಿಷೇಧಿಸುವುದು ಒಳಿತು.

ಅಪರಾಧದ ದಾರಿ, ಮಾತುಕತೆಯ ದಾರಿ

ಪಟ್ಟಿ ಸಿದ್ಧವಾದ ಮೇಲೆ ಪ್ರತಿ ಮಗುವಿನ ಹೆಸರಿನ ಮುಂದೆ ಯಾವ ದಾರಿ ಎಂದು ನಿರ್ಧರಿಸಬೇಕಾಗುತ್ತದೆ. ಮುಂಗಡ ಹಣಕ್ಕೆ ಪ್ರತಿಯಾಗಿ ದುಡಿಯುತ್ತಿರುವ ಮಗು, ದೂರದ ಊರಿನಿಂದ ಯಾರೋ ಕರೆತಂದು ಮನೆಗೆಲಸಕ್ಕೋ ಕಾರ್ಖಾನೆಗೋ ಇಟ್ಟಿರುವ ಮಗು, ಲೈಂಗಿಕ ಶೋಷಣೆಯ ಅನುಮಾನವಿರುವ ಮಗು, ಗಣಿ, ಪಟಾಕಿ, ರಾಸಾಯನಿಕಗಳಂಥ ಕೆಲಸದಲ್ಲಿರುವ ಮಗು, ಇವರ ವಿಷಯದಲ್ಲಿ ಮಾತುಕತೆಗೆ ಹೋಗಬಾರದು. ಗುಂಪು ತಾನಾಗಿ ಬಿಡಿಸಲೂ ಹೋಗಬಾರದು. ಇವು ಅಪರಾಧಗಳು, ಮಾಲೀಕನಿಗೆ ಮೊದಲೇ ಸುಳಿವು ಸಿಕ್ಕರೆ ಮಗುವನ್ನು ರಾತ್ರೋರಾತ್ರಿ ಬೇರೆಡೆಗೆ ಸಾಗಿಸುವ ಅಪಾಯವಿರುತ್ತದೆ. ನೋಡಿದ್ದನ್ನು ದಿನಾಂಕ ಸಹಿತ ಬರೆದಿಟ್ಟು, ಮಕ್ಕಳ ರಕ್ಷಣಾ ಅಧಿಕಾರಿಗಳಿಗೂ ಪೊಲೀಸರಿಗೂ ಕಾರ್ಮಿಕ ಇಲಾಖೆಗೂ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಿರಿ. ಭಾರತದಲ್ಲಾದರೆ 1098 ಮಕ್ಕಳ ಸಹಾಯವಾಣಿಗೆ ದಿನದ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕರೆ ಮಾಡಿದವರು ತಮ್ಮ ಹೆಸರು ಹೇಳಬೇಕೆಂಬ ಕಡ್ಡಾಯವಿಲ್ಲ.

ಇಂಥ ಪ್ರಕರಣಗಳಲ್ಲಿ ಊರಿನ ಗುಂಪಿನ ಪಾತ್ರ ಬಿಡುಗಡೆಯ ಅನಂತರ ಆರಂಭವಾಗುತ್ತದೆ. ಮಗುವಿನ ವಯಸ್ಸಿನ ದಾಖಲೆ ಸರಿಯಾಗಿ ಆಗಿದೆಯೇ, ದುಡಿದ ಕಾಲದ ಬಾಕಿ ಕೂಲಿಯ ಬೇಡಿಕೆ ದೂರಿನಲ್ಲಿ ಸೇರಿದೆಯೇ, ಜೀತವಾಗಿದ್ದರೆ ಬಿಡುಗಡೆ ಪ್ರಮಾಣಪತ್ರ ಸಿಕ್ಕಿದೆಯೇ ಎಂದು ವಿಚಾರಿಸುತ್ತಿರಬೇಕು. ಭಾರತದ ಕಾನೂನಿನಲ್ಲಿ ಜೀತದ ಸಾಲ ಅಸಿಂಧು, ಅದನ್ನು ತೀರಿಸುವ ಹೊಣೆ ಯಾರಿಗೂ ಇಲ್ಲ. ಆದರೆ ಪ್ರಮಾಣಪತ್ರವಿಲ್ಲದ ಕುಟುಂಬಕ್ಕೆ ಪುನರ್ವಸತಿಯ ನೆರವು ದಕ್ಕುವುದು ಕಷ್ಟ, ಸಾಲ ಕೊಟ್ಟವನು ಬಾಗಿಲಿಗೆ ಬಂದಾಗ ತೋರಿಸಲು ಅವರ ಕೈಯಲ್ಲಿ ಏನೂ ಇರುವುದಿಲ್ಲ. ಮಗುವನ್ನು ಹಿಂದಿರುಗಿಸುವ ಮೊದಲು ಅದನ್ನು ಕಳಿಸಿದ್ದು ಮನೆಯವರೇ ಆಗಿದ್ದರೆ ಏನು ಮಾಡಬೇಕೆಂಬುದನ್ನು ಅಧಿಕಾರಿಗಳ ಜೊತೆ ಕುಳಿತು ನಿರ್ಧರಿಸಬೇಕು. ಅದು ಗುಂಪು ಒಂಟಿಯಾಗಿ ತೀರ್ಮಾನಿಸುವ ವಿಷಯವಲ್ಲ.

ಉಳಿದ ಬಹುಪಾಲು ಮಕ್ಕಳಿಗೆ ಮಾತುಕತೆಯ ದಾರಿಯೇ ದಾರಿ.

ಮನೆಯವರ ಜೊತೆ, ಕೆಲಸ ಕೊಟ್ಟವರ ಜೊತೆ

ತಂದೆತಾಯಿಗೆ ಶಿಕ್ಷಣದ ಮಹತ್ವ ಗೊತ್ತಿಲ್ಲವೆಂಬ ಊಹೆಯನ್ನು ಇಟ್ಟುಕೊಂಡು ಹೋಗುವವರು ಬಾಗಿಲಲ್ಲೇ ಸೋಲುತ್ತಾರೆ. ರಂಗಾರೆಡ್ಡಿ ಜಿಲ್ಲೆಯ ಅನುಭವ ಹೇಳಿದ್ದು ಇದಕ್ಕೆ ವಿರುದ್ಧವಾದ ಮಾತನ್ನು: ಕಡುಬಡವರಿಗೂ ಮಕ್ಕಳನ್ನು ಓದಿಸುವ ಆಸೆಯಿದೆ, ಶಾಲೆಯನ್ನು ಪ್ರವೇಶಿಸುವ ದಾರಿ ಅವರಿಗೆ ತಿಳಿದಿಲ್ಲ, ಶಾಲೆ ಅವರನ್ನು ಬರಮಾಡಿಕೊಳ್ಳುವುದೂ ಇಲ್ಲ. ಆದ್ದರಿಂದ ಮೊದಲ ಭೇಟಿಯಲ್ಲಿ ಉಪದೇಶ ಬೇಡ. ಮಗು ಯಾವ ತರಗತಿಯಲ್ಲಿ ಶಾಲೆ ಬಿಟ್ಟಿತು, ಆ ವಾರ ಏನಾಯಿತು ಎಂದು ಕೇಳಿ. ಮನೆಯಲ್ಲಿ ಯಾರೋ ಹಾಸಿಗೆ ಹಿಡಿದದ್ದು, ಸಾಲ, ಶಿಕ್ಷಕರ ಹೊಡೆತ, ಶಾಲೆಯಲ್ಲಿ ಶೌಚಾಲಯವಿಲ್ಲದ್ದು, ಎರಡು ವರ್ಷ ಕುಳಿತರೂ ಓದಲು ಬಾರದೆ ಹೋದದ್ದು, ಹೀಗೆ ಒಂದೊಂದು ಮನೆಯ ಉತ್ತರ ಒಂದೊಂದು ಬಗೆಯದಾಗಿರುತ್ತದೆ, ಪರಿಹಾರವೂ ಅದರಂತೆಯೇ. ಬಡತನ ಎಂಬ ಒಂದೇ ಮಾತಿನ ಕೆಳಗೆ ಇವೆಲ್ಲವನ್ನೂ ಸೇರಿಸಿಬಿಟ್ಟರೆ ಮಾಡಲು ಏನೂ ಉಳಿಯುವುದಿಲ್ಲ.

ಮಗುವಿನ ಗಳಿಕೆ ನಿಂತರೆ ಮನೆ ನಡೆಯುವುದು ಹೇಗೆಂಬ ಪ್ರಶ್ನೆಯಂತೂ ನಿಜವಾದದ್ದು. ಬ್ರೆಜಿಲ್ 1996ರಲ್ಲಿ, ಇದ್ದಿಲು ಸುಡುವ ಭಟ್ಟಿಗಳಲ್ಲಿ ಮಕ್ಕಳು ದುಡಿಯುತ್ತಿದ್ದ ಪ್ರದೇಶದಿಂದ ಆರಂಭಿಸಿದ ಕಾರ್ಯಕ್ರಮವು ಕುಟುಂಬಕ್ಕೆ ಮಾಸಿಕ ನೆರವು ಕೊಡುವುದರ ಜೊತೆಗೆ ಶಾಲೆಯ ಅವಧಿಯ ಅನಂತರವೂ ಮಗುವಿಗೆ ಕಲಿಕೆ ಮತ್ತು ಆಟದ ವ್ಯವಸ್ಥೆ ಮಾಡಿತು. ಅರ್ಧ ದಿನದ ಶಾಲೆ ಮುಗಿಸಿ ಉಳಿದರ್ಧ ದಿನ ಮಗು ದುಡಿಮೆಗೆ ಹೋಗದಿರಲಿ ಎಂಬುದು ಅದರ ಉದ್ದೇಶವಾಗಿತ್ತು. ಮೆಕ್ಸಿಕೊ 1997ರಲ್ಲಿ ಆರಂಭಿಸಿದ ಯೋಜನೆಯಲ್ಲಿ ತರಗತಿ ಮೇಲೇರಿದಂತೆ ನೆರವಿನ ಮೊತ್ತವೂ ಏರುತ್ತಿತ್ತು, ಮಾಧ್ಯಮಿಕ ಹಂತದಲ್ಲಿ ಹುಡುಗಿಯರಿಗೆ ಹುಡುಗರಿಗಿಂತ ಹೆಚ್ಚು ಸಿಗುತ್ತಿತ್ತು, ಏಕೆಂದರೆ ಆ ವಯಸ್ಸಿನಲ್ಲೇ ಹುಡುಗಿಯರು ಹೆಚ್ಚಾಗಿ ಶಾಲೆ ಬಿಡುತ್ತಿದ್ದರು. ಇಂಥ ನಗದು ನೆರವು ಸರ್ಕಾರಗಳು ಮಾಡಬೇಕಾದ ಕೆಲಸ. ಊರಿನ ಗುಂಪು ದೇಣಿಗೆ ಎತ್ತಿ ತಿಂಗಳಿಗಿಷ್ಟು ಎಂದು ಹಂಚಲು ಹೊರಟರೆ ಹಣ ಮುಗಿದ ತಿಂಗಳೇ ಮಗು ಕೆಲಸಕ್ಕೆ ಮರಳುತ್ತದೆ, ಪಕ್ಕದ ಮನೆಯಲ್ಲಿ ಮಕ್ಕಳನ್ನು ಮೊದಲಿನಿಂದಲೂ ಓದಿಸುತ್ತಿರುವ ಬಡವರಿಗೆ ಇದು ಅನ್ಯಾಯವೆಂದೂ ತೋರುತ್ತದೆ. ಗುಂಪಿನ ಶ್ರಮವನ್ನು ಆ ಕುಟುಂಬಕ್ಕೆ ನ್ಯಾಯವಾಗಿ ಸಲ್ಲಬೇಕಾದ ಪಡಿತರ, ಪಿಂಚಣಿ, ವಿದ್ಯಾರ್ಥಿವೇತನ, ಉದ್ಯೋಗ ಯೋಜನೆಯ ಕೆಲಸ ಇವುಗಳನ್ನು ಕೊಡಿಸುವುದರಲ್ಲಿ ತೊಡಗಿಸುವುದೇ ಮೇಲು. ಅರ್ಜಿ ಬರೆದುಕೊಡುವುದು, ಕಚೇರಿಗೆ ಜೊತೆಗೆ ಹೋಗುವುದು ಹೇಳಿಕೊಳ್ಳುವಂಥ ಕೆಲಸಗಳೇನಲ್ಲ, ಆದರೆ ಮನೆಯನ್ನು ನಿಲ್ಲಿಸುವುದು ಅವೇ.

ಕೆಲಸ ಕೊಟ್ಟವರ ಬಳಿಗೆ ಗುಂಪಾಗಿ, ಸಾಧ್ಯವಾದರೆ ಊರಿನ ಚುನಾಯಿತ ಪ್ರತಿನಿಧಿಯ ಜೊತೆಗೆ ಹೋಗಬೇಕು. ಕಾನೂನು ಏನೆನ್ನುತ್ತದೆಂಬುದನ್ನು ಸೌಮ್ಯವಾಗಿ, ಆದರೆ ಸ್ಪಷ್ಟವಾಗಿ ತಿಳಿಸಿ, ಅದೇ ಕೆಲಸಕ್ಕೆ ಅದೇ ಮನೆಯ ವಯಸ್ಕರೊಬ್ಬರನ್ನು ವಯಸ್ಕರ ಕೂಲಿಯ ಮೇಲೆ ತೆಗೆದುಕೊಳ್ಳಬಹುದೇ ಎಂದು ಕೇಳುವುದು ಉತ್ತಮ ಆರಂಭ. ಮಕ್ಕಳ ಪುಟ್ಟ ಬೆರಳುಗಳಿಂದ ಮಾತ್ರ ಸೂಕ್ಷ್ಮ ಕೆಲಸ ಸಾಧ್ಯವೆಂಬ ವಾದವನ್ನು ಯಾರಾದರೂ ಮುಂದಿಟ್ಟರೆ ಅದನ್ನು ಒಪ್ಪಬೇಕಾಗಿಲ್ಲ. ಮಕ್ಕಳಿಗೆ ಕೊಡುವ ಕೂಲಿ ಕಡಿಮೆ, ಅವರು ಎದುರು ಮಾತಾಡುವುದಿಲ್ಲ, ಅಷ್ಟೇ ಅದರ ಗುಟ್ಟು. ಒಂದೇ ಊರಿನ ಎಲ್ಲ ಮಾಲೀಕರನ್ನೂ ಒಂದೇ ವಾರದಲ್ಲಿ ಭೇಟಿ ಮಾಡಬೇಕು, ಇಲ್ಲದಿದ್ದರೆ ಒಪ್ಪಿದವನು ತಾನೊಬ್ಬನೇ ನಷ್ಟಕ್ಕೊಳಗಾದೆನೆಂದು ಹಿಂದೆ ಸರಿಯುತ್ತಾನೆ.

ಸೇತುಬಂಧ: ಕೆಲಸದಿಂದ ತರಗತಿಗೆ

ಇಡೀ ಪ್ರಯತ್ನದಲ್ಲಿ ಅತ್ಯಂತ ಹೆಚ್ಚು ಯೋಚನೆ ಬೇಡುವ ಹಂತವಿದು. ಹನ್ನೊಂದು ವರ್ಷದ, ಎಂದೂ ಶಾಲೆ ಕಾಣದ ಹುಡುಗನನ್ನು ಒಂದನೆಯ ತರಗತಿಯಲ್ಲಿ ಆರು ವರ್ಷದವರ ಜೊತೆ ಕೂರಿಸಿದರೆ ನಾಚಿಕೆಯಿಂದ ಓಡಿಹೋಗುತ್ತಾನೆ. ಐದನೆಯ ತರಗತಿಯಲ್ಲಿ ಕೂರಿಸಿದರೆ ಏನೂ ತಿಳಿಯದೆ ಓಡಿಹೋಗುತ್ತಾನೆ. ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಮು ಇಂಥ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕು ಎಂದು ಹೇಳುತ್ತದೆ. ಹದಿನಾಲ್ಕು ದಾಟಿದರೂ ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಉಚಿತವಾಗಿ ಕಲಿಯುವ ಹಕ್ಕು ಆ ಮಗುವಿಗಿದೆ. ಕಾಯ್ದೆ ಬರುವುದಕ್ಕೂ ಮೊದಲೇ ಸಾವಿರಾರು ಮಕ್ಕಳೊಂದಿಗೆ ಇದನ್ನು ವಸತಿ ಶಿಬಿರಗಳ ಮೂಲಕ ಮಾಡಿ ತೋರಿಸಿದ ಅನುಭವ ದಕ್ಷಿಣ ಭಾರತದ್ದೇ.

ಕೆಲಸ ಬಿಟ್ಟ ಮಗುವನ್ನು ಶಾಲೆಗೆ ಅಣಿಗೊಳಿಸುವ ಈ ವಿಶೇಷ ತರಬೇತಿಯ, ಅಂದರೆ ಸೇತುಬಂಧದ, ತರಗತಿಯಲ್ಲಿ ಮಕ್ಕಳನ್ನು ವಯಸ್ಸಿಗನುಗುಣವಾಗಿ ವಿಂಗಡಿಸದೆ, ಓದು ಲೆಕ್ಕಗಳಲ್ಲಿ ಯಾವ ಮಟ್ಟದಲ್ಲಿದ್ದಾರೆಂಬುದರ ಮೇಲೆ ಗುಂಪು ಮಾಡಬೇಕು. ಅಕ್ಷರ ಗುರುತಿಸದವರು, ಪದ ಓದುವವರು, ವಾಕ್ಯ ಓದುವವರು ಎಂಬ ಸರಳ ವಿಂಗಡಣೆ ಸಾಕು, ಪ್ರತಿ ಕೆಲವು ವಾರಗಳಿಗೊಮ್ಮೆ ಪರೀಕ್ಷಿಸಿ ಮಗುವನ್ನು ಮುಂದಿನ ಗುಂಪಿಗೆ ದಾಟಿಸುತ್ತಿರಬೇಕು. ಪಾಠ ಮನೆಮಾತಿನಲ್ಲಿ ಆರಂಭವಾಗಲಿ. ಶಾಲೆಯ ಭಾಷೆ ಬೇರೆಯಾಗಿದ್ದರೆ ಅದನ್ನು ಮಾತಿನ ಮೂಲಕ ಮೊದಲು ಪರಿಚಯಿಸಿ ಆಮೇಲೆ ಬರಹಕ್ಕೆ ತರಬೇಕು. ಲೆಕ್ಕದ ವಿಷಯದಲ್ಲಿ ದುಡಿದ ಮಕ್ಕಳು ಖಾಲಿ ಕೈಯಲ್ಲಿ ಬರುವುದಿಲ್ಲ. ಚಿಲ್ಲರೆ ಕೊಡುವುದು, ತೂಕ ಹಾಕುವುದು, ಕೂಲಿಯನ್ನು ದಿನಗಳಿಂದ ಗುಣಿಸುವುದು ಅವರಿಗೆ ಬಾಯಿಲೆಕ್ಕದಲ್ಲಿ ಬರುತ್ತದೆ, ಅದನ್ನು ಹಾಳೆಯ ಮೇಲೆ ಬರೆಯುವುದು ಮಾತ್ರ ಬಾರದು. ಈ ಬಾಯಿಲೆಕ್ಕದಿಂದಲೇ ಪಾಠ ಆರಂಭಿಸುವ ಶಿಕ್ಷಕರು ಮಗುವಿನ ಆತ್ಮವಿಶ್ವಾಸವನ್ನು ಮೊದಲ ವಾರವೇ ಗಳಿಸಿಕೊಳ್ಳುತ್ತಾರೆ.

ವಸತಿ ಶಿಬಿರವೋ ಹಗಲಿನ ತರಗತಿಯೋ ಎಂಬುದು ಮಗುವನ್ನು ನೋಡಿ ನಿರ್ಧರಿಸಬೇಕಾದ ವಿಷಯ. ಹತ್ತು ವರ್ಷದೊಳಗಿನವರಿಗೆ ಮನೆಯಿಂದ ಬಂದು ಹೋಗುವ ತರಗತಿ, ಅಥವಾ ನೇರವಾಗಿ ಶಾಲೆಯೇ ಒಳ್ಳೆಯದು. ದುಡಿಮೆಯ ಅಭ್ಯಾಸ ಆಳವಾಗಿರುವ ದೊಡ್ಡ ಮಕ್ಕಳಿಗೆ, ಕೆಲಸದ ಜಾಗ ಮನೆಯ ಪಕ್ಕದಲ್ಲೇ ಇದ್ದು ಯಾವ ಗಳಿಗೆಯಲ್ಲಾದರೂ ಕರೆ ಬರುವಂಥವರಿಗೆ, ಕೆಲವು ತಿಂಗಳು ದೂರವಿರುವುದು ನೆರವಾಗುತ್ತದೆ. ಆದರೆ ವಸತಿ ನಡೆಸುವುದು ಭಾರಿ ಹೊಣೆ: ಆಯಾ ದೇಶದ ಕಾನೂನಿನಂತೆ ನೋಂದಣಿ, ಮಹಿಳಾ ಮೇಲ್ವಿಚಾರಕರು, ಮಕ್ಕಳ ಸುರಕ್ಷತೆಯ ಲಿಖಿತ ನಿಯಮ, ಹೊರಗಿನವರು ಮುನ್ಸೂಚನೆಯಿಲ್ಲದೆ ಬಂದು ನೋಡುವ ವ್ಯವಸ್ಥೆ ಇವಿಲ್ಲದೆ ಅದಕ್ಕೆ ಕೈಹಾಕಬಾರದು. ಸಣ್ಣ ಗುಂಪುಗಳು ಹಗಲಿನ ತರಗತಿಗೇ ಸೀಮಿತವಾಗಿರುವುದು ವಿವೇಕ. ರಾತ್ರಿಶಾಲೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. ಹಗಲೆಲ್ಲ ದುಡಿದ ಮಗುವಿಗೆ ರಾತ್ರಿ ಪಾಠ ಹೇಳುವುದೆಂದರೆ ಅದರ ದುಡಿಮೆಯನ್ನು ನಾವೇ ಒಪ್ಪಿಕೊಂಡಂತೆ.

ಸೇತುಬಂಧ ಎಂದು ಮುಗಿಯುತ್ತದೆ, ಮಗು ಯಾವ ಶಾಲೆಯ ಯಾವ ತರಗತಿಗೆ ಹೋಗುತ್ತದೆ ಎಂಬುದು ಮೊದಲ ದಿನವೇ ಗೊತ್ತಿರಬೇಕು. ಕೊನೆಯ ತಿಂಗಳಿನಲ್ಲಿ ಮಕ್ಕಳು ವಾರಕ್ಕೆರಡು ದಿನ ಆ ಶಾಲೆಗೆ ಹೋಗಿ ಕುಳಿತು ಬರಲಿ. ಮುಗಿಯದ ಸೇತುಬಂಧ ಎಂದರೆ ಬಡಮಕ್ಕಳಿಗಾಗಿ ಕಟ್ಟಿದ ಕೆಳದರ್ಜೆಯ ಇನ್ನೊಂದು ಶಾಲೆ, ಅದನ್ನು ನಡೆಸುವವರಿಗೆ ಅನುದಾನ ಬರುತ್ತಿರುವವರೆಗೆ ಅದು ಮುಗಿಯುವುದೂ ಇಲ್ಲ.

ಶಾಲೆಯ ಒಳಗೆ

ದಾಖಲೆಗಳ ನೆಪದಿಂದ ಪ್ರವೇಶ ತಪ್ಪುವುದನ್ನು ತಡೆಯುವುದು ಮೊದಲ ಕೆಲಸ. ಜನನ ಪ್ರಮಾಣಪತ್ರ, ವರ್ಗಾವಣೆ ಪತ್ರ ಇಲ್ಲವೆಂದು ಮಗುವನ್ನು ಹಿಂದೆ ಕಳಿಸಲು ಅನೇಕ ದೇಶಗಳ ಕಾನೂನು ಬಿಡುವುದಿಲ್ಲ. ಭಾರತದ ಕಾಯ್ದೆಯಂತೂ ವಯಸ್ಸಿನ ದಾಖಲೆಯಿಲ್ಲದ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಖಚಿತವಾಗಿ ಹೇಳಿದೆ. ಕಲಮಿನ ಪ್ರತಿ ಕೈಯಲ್ಲಿದ್ದರೆ ವಾದಕ್ಕೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ.

ಅದಕ್ಕಿಂತ ಕಷ್ಟದ ಕೆಲಸ ಮುಂದಿದೆ. ಬಂದ ಮಗುವನ್ನು ಮುಖ್ಯೋಪಾಧ್ಯಾಯರು ಹೊರೆಯೆಂದು ನೋಡದೆ ವಿದ್ಯಾರ್ಥಿಯೆಂದು ನೋಡಬೇಕಾದರೆ, ಶಾಲೆ ತೆರೆಯುವ ತಿಂಗಳ ಮೊದಲೇ ಶಿಕ್ಷಕರ ಜೊತೆ ಕುಳಿತು ಮಾತಾಡಿರಬೇಕು. ಯಾವ ಮಗು ಎಲ್ಲಿ ದುಡಿಯುತ್ತಿತ್ತು ಎಂಬ ವಿವರ ತರಗತಿಯಲ್ಲಿ ಹೊರಬೀಳಬಾರದು, ಹಳೆಯ ಕೆಲಸದ ಹೆಸರು ಹಿಡಿದು ಕರೆಯುವುದನ್ನು ಮೊದಲ ದಿನವೇ ನಿಲ್ಲಿಸಬೇಕು. ದುಡಿದ ಮಗುವನ್ನು ಶಾಲೆಯ ಕಸ ಗುಡಿಸಲು, ನೀರು ತರಲು ಕಳಿಸುವ ಪ್ರವೃತ್ತಿ ಕಂಡರೆ ಸುಮ್ಮನಿರಬಾರದು. ಹೊಡೆತ ಕಂಡರೆ ಲಿಖಿತ ದೂರು. ಶಿಕ್ಷಕರ ಕಷ್ಟಗಳನ್ನೂ ಇದೇ ಕಾಲಕ್ಕೆ ಕೇಳಿಸಿಕೊಳ್ಳುವುದು ನ್ಯಾಯ: ಒಬ್ಬರೇ ಎರಡು ಮೂರು ತರಗತಿ ನೋಡಿಕೊಳ್ಳುವಲ್ಲಿ ಹೊಸದಾಗಿ ಹತ್ತು ಮಕ್ಕಳು ಬಂದರೆ ಅವರಿಗೆ ಹೆಚ್ಚುವರಿ ಶಿಕ್ಷಕರ ಬೇಡಿಕೆಯಲ್ಲಿ ಗುಂಪಿನ ಬೆಂಬಲ ಬೇಕು.

ಮೊದಲ ಮೂರು ತಿಂಗಳು ಹಾಜರಾತಿಯನ್ನು ಪ್ರತಿದಿನ ನೋಡಬೇಕು. ಮಗು ಎರಡು ದಿನ ಬಾರದಿದ್ದರೆ ಅದೇ ಸಂಜೆ ಯಾರಾದರೂ ಮನೆಗೆ ಹೋಗಬೇಕು; ಒಂದು ವಾರ ಕಾದರೆ ಕೆಲಸ ಮತ್ತೆ ಹಿಡಿದಿರುತ್ತದೆ. ಗುಳೆ ಹೋಗುವ ಕುಟುಂಬವಾದರೆ ಹೊರಡುವ ಮೊದಲೇ ಮಗು ಊರಿನಲ್ಲಿ ಉಳಿಯುವ ಏರ್ಪಾಡನ್ನೋ, ಹೋಗುವ ಊರಿನ ಶಾಲೆಗೆ ವರ್ಗಾವಣೆಯನ್ನೋ ಮಾಡಿಕೊಡಬೇಕು.

ದೇಹ, ಮನಸ್ಸು, ಮತ್ತು ದೊಡ್ಡ ಮಕ್ಕಳು

ಪುನರ್ವಸತಿಯೆಂದರೆ ಶಾಲೆಗೆ ಸೇರಿಸುವುದಷ್ಟೇ ಎಂದುಕೊಂಡವರು ಮಗುವಿನ ದೇಹವನ್ನು ಮರೆಯುತ್ತಾರೆ. ಸೇರಿದ ಮೊದಲ ವಾರಗಳಲ್ಲೇ ವೈದ್ಯರಿಂದ ಪೂರ್ಣ ತಪಾಸಣೆಯಾಗಬೇಕು, ವೈದ್ಯರಿಗೆ ಮಗು ಮಾಡುತ್ತಿದ್ದ ಕೆಲಸ ಯಾವುದೆಂದು ಹೇಳಬೇಕು, ಏಕೆಂದರೆ ಹುಡುಕಬೇಕಾದದ್ದು ಕೆಲಸದಿಂದ ಕೆಲಸಕ್ಕೆ ಬೇರೆಯಾಗುತ್ತದೆ. ಒದ್ದೆಯಾದ ಹಸಿ ತಂಬಾಕಿನ ಎಲೆ ಕೀಳುವವರ ಚರ್ಮದ ಮೂಲಕ ನಿಕೋಟಿನ್ ಒಳಸೇರಿ ವಾಂತಿ, ತಲೆಸುತ್ತು ಬರುತ್ತದೆ. ಸಣ್ಣ ಚಿನ್ನದ ಗಣಿಗಳಲ್ಲಿ ಪಾದರಸ, ಹೊಲಗಳಲ್ಲಿ ಕೀಟನಾಶಕ, ಕಲ್ಲುಕ್ವಾರಿಯಲ್ಲಿ ದೂಳು, ಮಗ್ಗದ ಮುಂದೆ ಕಣ್ಣು ಮತ್ತು ಬೆನ್ನು. ಓದಿನಲ್ಲಿ ಹಿಂದುಳಿದವನೆಂದು ಶಿಕ್ಷಕರು ಹೇಳುವ ಮಗುವಿಗೆ ಬೇಕಾದದ್ದು ಒಂದು ಕನ್ನಡಕವೂ ಆಗಿರಬಹುದು.

ಮನಸ್ಸಿನ ಗಾಯಗಳ ವಿಷಯದಲ್ಲಿ ಅವಸರ ಬೇಡ. ಮಗುವನ್ನು ಬಂದವರೆದುರಿಗೆಲ್ಲ ನಿಲ್ಲಿಸಿ ಅದರ ಕಥೆ ಹೇಳಿಸುವುದು ಪುನರ್ವಸತಿಯಲ್ಲ, ದೇಣಿಗೆದಾರರಿಗಾಗಿ ಮಾಡುವ ಪ್ರದರ್ಶನ. ದಿನವೂ ಒಂದೇ ಹೊತ್ತಿಗೆ ನಡೆಯುವ ಪಾಠ, ಒಂದೇ ಮುಖದ ಶಿಕ್ಷಕಿ, ಆಟದ ಒಂದು ಗಂಟೆ, ಇವು ಬಹುಪಾಲು ಮಕ್ಕಳಿಗೆ ಸಾಕಾಗುತ್ತವೆ. ನಿದ್ದೆಯಲ್ಲಿ ಬೆಚ್ಚುವ, ಯಾರೊಂದಿಗೂ ಸೇರದ, ತನ್ನನ್ನೇ ನೋಯಿಸಿಕೊಳ್ಳುವ ಮಗುವನ್ನು ತಡಮಾಡದೆ ತರಬೇತಿ ಪಡೆದ ಆಪ್ತಸಮಾಲೋಚಕರ ಬಳಿಗೆ ಕರೆದೊಯ್ಯಬೇಕು.

ಹದಿನೈದು ದಾಟಿದವರ ದಾರಿ ಬೇರೆ. ಅವರಲ್ಲಿ ಕೆಲವರು ಮತ್ತೆ ಪಾಠದ ಕೋಣೆಗೆ ಬರಲು ಒಪ್ಪುವುದಿಲ್ಲ, ಕಾನೂನಿನಲ್ಲಿ ಅಪಾಯವಲ್ಲದ ಕೆಲಸಕ್ಕೆ ಅವರಿಗೆ ಅವಕಾಶವೂ ಇರಬಹುದು. ಇವರ ಕೆಲಸದ ಅಪಾಯಗಳನ್ನು ತೆಗೆಯುವುದು, ಗಂಟೆಗಳನ್ನು ಕಡಿಮೆ ಮಾಡಿಸುವುದು, ಮುಕ್ತ ಶಾಲೆಯ ಪರೀಕ್ಷೆಗೆ ಕಟ್ಟಿಸುವುದು, ಪ್ರಮಾಣಪತ್ರ ಸಿಗುವಂಥ ಕಸುಬಿನ ತರಬೇತಿಗೆ ಸೇರಿಸುವುದು ಗುರಿಯಾಗಿರಲಿ. ಎಲ್ಲ ಹುಡುಗಿಯರಿಗೂ ಹೊಲಿಗೆ ಯಂತ್ರ ಕೊಡಿಸಿ ಕೈತೊಳೆದುಕೊಳ್ಳುವ ಹಳೆಯ ರೂಢಿಯನ್ನು ಇನ್ನಾದರೂ ಬಿಡಬೇಕು. ಸುತ್ತಲ ಮಾರುಕಟ್ಟೆಯಲ್ಲಿ ಯಾವ ಕೆಲಸಕ್ಕೆ ಬೇಡಿಕೆಯಿದೆ ಎಂದು ವಿಚಾರಿಸದೆ ಕೊಡುವ ತರಬೇತಿ ಯಾರನ್ನೂ ಎಲ್ಲಿಗೂ ಮುಟ್ಟಿಸುವುದಿಲ್ಲ.

ಕಾವಲು

ಊರಿನ ಸಮಿತಿಯಲ್ಲಿ ಶಿಕ್ಷಕರು, ತಾಯಂದಿರು, ಯುವಕರು, ಪಂಚಾಯಿತಿಯ ಸದಸ್ಯರು ಇರಬೇಕೆಂಬುದು ಎಲ್ಲರಿಗೂ ತಿಳಿದ ಮಾತು. ಮಕ್ಕಳೇ ಇರಬೇಕೆಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ಕೈಲಾಶ್ ಸತ್ಯಾರ್ಥಿ ಅವರ ಸಂಘಟನೆ ನಡೆಸುವ ಬಾಲಮಿತ್ರ ಗ್ರಾಮಗಳಲ್ಲಿ ಮಕ್ಕಳು ತಮ್ಮದೇ ಪಂಚಾಯಿತಿಯನ್ನು ಆರಿಸಿಕೊಂಡು ಊರಿನ ಪಂಚಾಯಿತಿಯ ಮುಂದೆ ತಮ್ಮ ಬೇಡಿಕೆಗಳನ್ನು ಇಡುತ್ತಾರೆ. ಯಾವ ಗೆಳೆಯ ಯಾವಾಗ ಕೆಲಸಕ್ಕೆ ಹೋದನೆಂಬುದು ದೊಡ್ಡವರಿಗಿಂತ ಮೊದಲು ಮಕ್ಕಳಿಗೆ ತಿಳಿಯುತ್ತದೆ. ಆದರೆ ಮಾಲೀಕರ ವಿರುದ್ಧ ದೂರು ಕೊಡುವ, ಸಾಕ್ಷಿ ಹೇಳುವ ಹೊಣೆಯನ್ನು ಮಕ್ಕಳ ಮೇಲೆ ಹೊರಿಸಬಾರದು, ಅದು ದೊಡ್ಡವರದೇ ಕೆಲಸ. ತಾನೇ ಮಕ್ಕಳನ್ನು ದುಡಿಸುವ ಊರಿನ ಪ್ರಭಾವಿಯನ್ನು ಸಮಿತಿಗೆ ಸೇರಿಸಿಕೊಂಡು ಒಲಿಸಿಕೊಳ್ಳೋಣವೆಂಬ ಸಲಹೆ ಪ್ರತಿ ಊರಿನಲ್ಲೂ ಬರುತ್ತದೆ. ಅವನ ಕೆಲಸದ ಜಾಗದಿಂದ ಕೊನೆಯ ಮಗು ಹೊರಬಂದ ಮೇಲೆ ಆ ಯೋಚನೆ ಮಾಡಬಹುದು.

ಸಮಿತಿಯ ಪುಸ್ತಕದಲ್ಲಿ ಪ್ರತಿ ಮಗುವಿಗೆ ಒಂದು ಪುಟವಿರಲಿ, ಅದರಲ್ಲಿ ಆ ಮಗುವಿನ ಒಡಹುಟ್ಟಿದವರ ಹೆಸರೂ ಇರಲಿ. ಅಣ್ಣ ಶಾಲೆಗೆ ಬಂದ ತಿಂಗಳೇ ತಂಗಿ ಅವನ ಜಾಗಕ್ಕೆ ಹೋಗಿರುವುದು ಅಪರೂಪವಲ್ಲ, ಅಣ್ಣನ ಪುಟವನ್ನಷ್ಟೇ ನೋಡುವವರಿಗೆ ಅದು ಯಶಸ್ಸಿನಂತೆ ಕಾಣುತ್ತದೆ. ಒಂದು ಪುಟವನ್ನು ಮುಚ್ಚುವ ಮೊದಲು ಆ ಮಗು ಎರಡು ಕೊಯ್ಲಿನ ಕಾಲಗಳನ್ನು ಶಾಲೆ ಬಿಡದೆ ದಾಟಿರಬೇಕು, ಮುಂದಿನ ತರಗತಿಗೆ ತೇರ್ಗಡೆಯಾಗಿರಬೇಕು, ಅದೇ ಮನೆಯ ಉಳಿದ ಮಕ್ಕಳ ಹಾಜರಾತಿಯನ್ನೂ ಶಾಲೆಯ ಪುಸ್ತಕದಲ್ಲಿ ನೋಡಿ ಸಹಿ ಹಾಕಿರಬೇಕು. ಪ್ರಾಥಮಿಕ ಶಾಲೆಯಿಂದ ಪ್ರೌಢಶಾಲೆಗೆ ದಾಟುವ ವರ್ಷ ಬಂದಾಗ, ವಿಶೇಷವಾಗಿ ಪ್ರೌಢಶಾಲೆ ಬೇರೆ ಊರಿನಲ್ಲಿದ್ದರೆ, ಮುಚ್ಚಿದ ಪುಟಗಳನ್ನೆಲ್ಲ ಮತ್ತೆ ತೆರೆದು, ಬೇಸಿಗೆ ರಜೆ ಮುಗಿಯುವ ಮೊದಲೇ ಆ ಮನೆಗಳಿಗೆ ಇನ್ನೊಂದು ಸುತ್ತು ಹೋಗಿಬರಬೇಕು.